ಬಳಚು ನಮ್ಮ ಕಸದ ಬುಟ್ಟಿಯಲ್ಲ



ಚಿಪ್ಪುಜೀವಿಗಳು ನೀರು ಶೋಧಿಸುತ್ತವಲ್ಲ, ಅವನ್ನೇ ಹೆಚ್ಚು ಬೆಳೆಸಿದರೆ ಸಮುದ್ರದ ಪ್ಲಾಸ್ಟಿಕ್ ತಾನಾಗಿ ಹೋಗುತ್ತದೆ ಎಂಬ ವಾದವೊಂದಿದೆ. ಕೇಳಲು ಚೆಂದ. ನನಗೆ ಒಪ್ಪಿಗೆಯಿಲ್ಲ. ಫಿಲ್ಟರ್ ಹಾಕಿದ ಮಾತ್ರಕ್ಕೆ ಕಸ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಸಾಫ್ಟ್‌ವೇರ್ ಕೆಲಸದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ!

ಕೆಸರಿನಲ್ಲಿ ಹುದುಗಿರುವ ಬಳಚು (ಮಂಗಳೂರಿನ ಕಡೆಯವರಿಗೆ ಮರುವಾಯಿ) ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ, ಪಾಚಿಯ ಕಣಗಳನ್ನು ತಿನ್ನುತ್ತದೆ. ಬೇಡದ್ದನ್ನು ಲೋಳೆಯಲ್ಲಿ ಸುತ್ತಿ ಉಗುಳುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳಲ್ಲಿ ಬಹಳಷ್ಟು ಹೀಗೆ ಹೊರಬೀಳುತ್ತವೆ. ಬಿದ್ದು ಎಲ್ಲಿಗೆ ಹೋಗುತ್ತವೆ? ಲೋಳೆಯ ಉಂಡೆ ತಳಕ್ಕಿಳಿಯುತ್ತದೆ. ತೇಲುತ್ತಿದ್ದ ಪ್ಲಾಸ್ಟಿಕ್ ಕೆಸರು ಸೇರಿ, ಕೆಸರನ್ನೇ ತಿಂದು ಬದುಕುವ ಹುಳುಗಳಿಗೆ ಊಟವಾಗುತ್ತದೆ.

ಎಲ್ಲವೂ ಹೊರಬೀಳುವುದೂ ಇಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮಾರ್ಕ್ ಬ್ರೌನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೀಲಿ ಮಸಲ್‌ಗಳು ನುಂಗಿದ ಅತಿ ಸಣ್ಣ ಕಣಗಳು 3 ದಿನಗಳೊಳಗೆ ಕರುಳು ದಾಟಿ ರಕ್ತಕ್ಕೆ ಸೇರಿದ್ದವು. 48 ದಿನಗಳಾದರೂ ಅಲ್ಲೇ ಇದ್ದವು. ಮೀನಿನ ಕರುಳನ್ನು ನಾವು ತೆಗೆದು ಬಿಸಾಡುತ್ತೇವೆ, ಚಿಪ್ಪಿನ ಮಾಂಸವನ್ನು ಕರುಳಿನ ಸಮೇತ ತಿನ್ನುತ್ತೇವೆ. ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಇದನ್ನು ಅತಿ ಹೆಚ್ಚು ತಿನ್ನುವ ಯೂರೋಪಿನವರ ಹೊಟ್ಟೆಗೆ ವರ್ಷಕ್ಕೆ 11,000 ಕಣಗಳವರೆಗೆ ಹೋಗಬಹುದು. ತಿಂದವರಿಗೆ ಕಾಯಿಲೆ ಬರುತ್ತದೆ ಎಂದು ಆ ಲೆಕ್ಕ ಹೇಳುವುದಿಲ್ಲ. ಅದು ಎಣಿಕೆ ಮಾತ್ರ.

ಈ ವ್ಯತ್ಯಾಸ ನಮ್ಮ ಕರಾವಳಿಗೆ ಬಹಳ ಮುಖ್ಯ. ಕುಮಟಾದ ಬಳಿ ಅಘನಾಶಿನಿ ಕಡಲು ಸೇರುವಲ್ಲಿ, ನೀರಿನ ಇಳಿತ ನೋಡಿಕೊಂಡು ಕೆಸರಿಗಿಳಿದು ಬಳಚು ಆಯ್ದು ಮಾರುವ ಹೆಂಗಸರಿದ್ದಾರೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ನಾಳೆ ಯಾವುದೋ ಚಾನೆಲ್ಲು "ಬಳಚಿನಲ್ಲಿ ವಿಷ" ಎಂದು ಕೂಗಿದರೆ ಮೊದಲು ಹೊಡೆತ ಬೀಳುವುದು ಅವರ ಬುಟ್ಟಿಗೆ. ಚೀಲ ಮಾಡಿದವರಿಗೂ ಎಸೆದವರಿಗೂ ಏನೂ ಆಗುವುದಿಲ್ಲ. ನಮಗೂ ಅಷ್ಟೆ: ಬ್ರೌನ್ ತಂಡವೇ 2011ರಲ್ಲಿ ತೋರಿಸಿದಂತೆ, ಒಂದೇ ಒಂದು ಸಿಂಥೆಟಿಕ್ ಬಟ್ಟೆ ಒಂದು ಒಗೆತಕ್ಕೆ 1,900ಕ್ಕೂ ಹೆಚ್ಚು ಎಳೆಗಳನ್ನು ಬಿಡಬಲ್ಲದು. ಚಳಿದೇಶದಲ್ಲಿರುವವರು ತಮ್ಮ ಫ್ಲೀಸ್ ಜಾಕೆಟ್ಟುಗಳನ್ನು ಎಣಿಸಿಕೊಳ್ಳಿ.

ಹಾಗಾಗಿ ನಾವು ಒತ್ತಾಯಿಸಬೇಕಾದ್ದು ಇಷ್ಟು. ಕಸವನ್ನು ಅಳಿವೆಗೆ ಬರುವ ಮೊದಲೇ, ಮೇಲಿನ ಊರುಗಳಲ್ಲೇ ತಡೆಯಬೇಕು. ಅಳಿವೆಯ ಕೆಸರನ್ನೂ ಬಳಚನ್ನೂ ಸರ್ಕಾರ ಪ್ರತಿವರ್ಷ ಪರೀಕ್ಷೆ ಮಾಡಿಸಬೇಕು. ಫಲಿತಾಂಶ ಇಂಗ್ಲಿಷ್ ಪಿಡಿಎಫ್ ಆಗಿ ಬೆಂಗಳೂರಿನ ಯಾವುದೋ ಸರ್ವರ್‌ನಲ್ಲಿ ಕೂತರೆ ಆ ಹೆಂಗಸರಿಗೆ ಏನು ಬಂತು? ಕನ್ನಡದಲ್ಲಿ ಒಂದೇ ಪುಟ ಸಾಕು, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸುವಂಥದ್ದು. ಅದನ್ನು ಬರೆದುಕೊಡಲು ನಮ್ಮಲ್ಲೇ ಬೇಕಾದಷ್ಟು ಜನರಿದ್ದಾರೆ.