ಹೆಸರು ಗ್ರಾಮಾಂತರ, ತೂಕ ಪೇಟೆಯದು

ಹೆಸರಿನಲ್ಲೇ ಎಡವಟ್ಟು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಅಂದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಈ ನಾಲ್ಕರಲ್ಲಿ ಒಂದೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿವೆ! ಗ್ರಾಮಾಂತರ ಕ್ಷೇತ್ರದಲ್ಲಿ ಇರುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ತುಮಕೂರು ಜಿಲ್ಲೆಯ ಕುಣಿಗಲ್, ಜೊತೆಗೆ ರಾಜಧಾನಿಯ ಸೆರಗು ಹಿಡಿದ ಆನೇಕಲ್, ಬೆಂಗಳೂರು ದಕ್ಷಿಣ ಮತ್ತು ರಾಜರಾಜೇಶ್ವರಿನಗರ. ಲಗ್ಗೆರೆ, ಜ್ಞಾನಭಾರತಿಯ ಬೀದಿಗಳೂ ಇಲ್ಲಿ ‘ಗ್ರಾಮಾಂತರ’ವೇ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದ ಮೇಲಂತೂ ಕೇಳುವುದೇ ಬೇಡ. ಆ ಹೆಸರಿನ ಲೋಕಸಭಾ ಕ್ಷೇತ್ರ ಒಂದು ಕಡೆ, ವಿಧಾನಸಭಾ ಕ್ಷೇತ್ರ ಇನ್ನೊಂದು ಕಡೆ, ಜಿಲ್ಲೆ ಮತ್ತೊಂದು ಕಡೆ.

ಹೆಸರು ಏನಾದರೂ ಇರಲಿ ಬಿಡಿ, ಲೆಕ್ಕ ನೋಡೋಣ ಅಂದರೆ ಅಲ್ಲೂ ಅದೇ ಕಥೆ. 2024ರ ಚುನಾವಣೆಯಲ್ಲಿ ಈ ಒಂದು ಕ್ಷೇತ್ರದ ಮತದಾರರ ಸಂಖ್ಯೆ 28 ಲಕ್ಷ. ರಾಜ್ಯದಲ್ಲೇ ಎರಡನೇ ಅತಿ ದೊಡ್ಡದು. ಅದೇ ವರ್ಷ ಉಡುಪಿ-ಚಿಕ್ಕಮಗಳೂರಿನಲ್ಲಿ ಇದ್ದವರು 16 ಲಕ್ಷದ ಆಸುಪಾಸು. ಅಲ್ಲಿಗೂ ಒಬ್ಬರೇ ಎಂಪಿ, ಇಲ್ಲಿಗೂ ಒಬ್ಬರೇ ಎಂಪಿ. ಇದು ಯಾವ ನ್ಯಾಯದ ತಕ್ಕಡಿ?

ಈ ಕ್ಷೇತ್ರ ಹುಟ್ಟಿದ್ದು 2008ರ ಮರುವಿಂಗಡಣೆಯಲ್ಲಿ, ಹಳೆಯ ಕನಕಪುರ ಲೋಕಸಭಾ ಕ್ಷೇತ್ರವನ್ನು ಅಳಿಸಿ. ಗೆರೆ ಎಳೆದದ್ದು 2001ರ ಜನಗಣತಿಯ ಲೆಕ್ಕದ ಮೇಲೆ. ಆಮೇಲೆ ಹೊಲಗಳು ಲೇಔಟ್ ಆದವು, ಲೇಔಟ್‌ಗಳು ಅಪಾರ್ಟ್‌ಮೆಂಟ್ ಆದವು. ಗೆರೆ ಮಾತ್ರ ಇದ್ದಲ್ಲೇ ಇದೆ.

ಇಲ್ಲಿನ ಮತದಾರ ಸುಲಭಕ್ಕೆ ಯಾರ ಜೇಬಿಗೂ ಬೀಳುವವನಲ್ಲ. 2004ರಲ್ಲಿ ಕನಕಪುರದಲ್ಲಿ ಮಾಜಿ ಪ್ರಧಾನಿ ದೇವೇಗೌಡರನ್ನು ಸೋಲಿಸಿ ತೇಜಸ್ವಿನಿಯವರನ್ನು ದೆಹಲಿಗೆ ಕಳಿಸಿದ ನೆಲ ಇದು. 2009ರಲ್ಲಿ ಕುಮಾರಸ್ವಾಮಿ ಗೆದ್ದರು. 2013ರ ಉಪಚುನಾವಣೆಯಿಂದ ಹಿಡಿದು ಮೂರು ಸಲ ಡಿ.ಕೆ. ಸುರೇಶ್ ಗೆದ್ದರು. 2019ರಲ್ಲಿ ಇಡೀ ರಾಜ್ಯದಲ್ಲಿ ಕಾಂಗ್ರೆಸ್‌ಗೆ ದಕ್ಕಿದ್ದು ಇದೊಂದೇ ಸೀಟು.

2023ರ ವಿಧಾನಸಭಾ ಚುನಾವಣೆಯಲ್ಲೂ ಎಂಟರಲ್ಲಿ ಐದು ಕಡೆ ಕಾಂಗ್ರೆಸ್ ಎಮ್ಮೆಲ್ಲೆಗಳೇ ಗೆದ್ದರು. ಹಾಗಿದ್ದೂ ಮಾರನೇ ವರ್ಷ ಬಿಜೆಪಿ ಚಿಹ್ನೆಯಲ್ಲಿ ನಿಂತ ಡಾ. ಸಿ.ಎನ್. ಮಂಜುನಾಥ್ 2,69,647 ಓಟಿನ ಅಂತರದಲ್ಲಿ ಗೆದ್ದರು. ಜಯದೇವ ಆಸ್ಪತ್ರೆಯಲ್ಲಿ ಗಳಿಸಿದ ಹೆಸರು ಕೆಲಸ ಮಾಡಿತು, ಜೆಡಿಎಸ್-ಬಿಜೆಪಿ ಮೈತ್ರಿಯೂ ಕೆಲಸ ಮಾಡಿತು. ಆದರೆ ಆ ಲೀಡಿನ ಗಂಟು ಬಹುಪಾಲು ಬಿದ್ದದ್ದು ಪೇಟೆ ಕಡೆಯ ಕ್ಷೇತ್ರಗಳಿಂದ. ಕನಕಪುರದಲ್ಲಿ ಮುಂದಿದ್ದವರು ಸುರೇಶ್ ಅವರೇ. ಇದರಲ್ಲಿ ಯಾರ ತಪ್ಪೂ ಇಲ್ಲ, ಓಟು ಓಟೇ. ಆದರೆ ಹಳ್ಳಿ ಒಂದು ಕಡೆ ವಾಲಿದರೂ ಪೇಟೆ ಇನ್ನೊಂದು ಕಡೆ ಎಳೆಯಬಲ್ಲದು ಎಂಬುದು ಖಾತ್ರಿಯಾಯಿತು. ಇನ್ನು ಮುಂದೆ ಪಾರ್ಟಿಗಳ ಪ್ರಚಾರದ ಜೀಪು ಎತ್ತ ತಿರುಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಜಾತಿ ಲೆಕ್ಕವೊಂದರಿಂದಲೇ ಈ ಕ್ಷೇತ್ರ ತಿಳಿಯುತ್ತೇನೆ ಅನ್ನುವವರು ಎಡವುತ್ತಾರೆ. ಒಕ್ಕಲಿಗರ ಬಲ ದೊಡ್ಡದು, ನಿಜ. ಆನೇಕಲ್ ಪರಿಶಿಷ್ಟ ಜಾತಿ ಮೀಸಲು. ರಾಮನಗರ, ಚನ್ನಪಟ್ಟಣದ ಪೇಟೆಗಳಲ್ಲಿ ಮುಸ್ಲಿಮರ ಓಟು ತೂಕದ್ದು. ಕಾಡಂಚಿನಲ್ಲಿ ಇರುಳಿಗರಿದ್ದಾರೆ. ಇದೆಲ್ಲದರ ಮೇಲೆ ಕಸುಬಿನ ಲೆಕ್ಕ ಬೇರೆ. ರಾಮನಗರದ ಮಾರ್ಕೆಟ್ಟಿಗೆ ಗೂಡು ತರುವ ರೈತ, ಚನ್ನಪಟ್ಟಣದ ಬೊಂಬೆ ಕುಶಲಕರ್ಮಿ, ಬಿಡದಿ, ಜಿಗಣಿ, ಬೊಮ್ಮಸಂದ್ರದ ಶಿಫ್ಟ್ ಕಾರ್ಮಿಕ, ಕನಕಪುರ ರಸ್ತೆಯ ಐಟಿ ನೌಕರ, ಎಲ್ಲರೂ ಒಂದೇ ಪಟ್ಟಿಯಲ್ಲಿ. ಕಾರ್ಖಾನೆಗಳಲ್ಲಿ ದುಡಿಯುವ ಹೊರ ರಾಜ್ಯದ ಎಷ್ಟೋ ಮಂದಿಯ ಓಟು ಅವರೂರಲ್ಲೇ ಉಳಿದಿದೆ. ದುಡಿಮೆ ಇಲ್ಲಿ, ದನಿ ಅಲ್ಲಿ.

ಪೇಟೆಗೆ ಬಂದ ಸೌಕರ್ಯ ಹಳ್ಳಿಗೂ ಬಂತೇ? ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಮೆಟ್ರೊ ಬಂತು, ಸಂತೋಷ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ಅದೂ ಬೇಕಿತ್ತು. ಆದರೆ ಬೈಪಾಸ್ ಬಿಡದಿ, ರಾಮನಗರ, ಚನ್ನಪಟ್ಟಣವನ್ನು ಬಳಸಿಕೊಂಡು ಹೋಯಿತು. ಹಳೇ ರಸ್ತೆಯ ಹೋಟೆಲು, ಬೊಂಬೆ ಅಂಗಡಿಗಳ ಗಿರಾಕಿ ಮೇಲುಸೇತುವೆ ಮೇಲೇ ಹಾರಿಹೋದ. ಅದೇ ವರ್ಷ ಆಗಸ್ಟ್‌ನಲ್ಲಿ ಆ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರಬಾರದು ಎಂದಾಯಿತು. ಅಪಘಾತ ತಡೆಯಲು ಅದು ಸರಿಯೇ ಇರಬಹುದು. ಆದರೆ ಜಮೀನು ಕೊಟ್ಟವನ ಬೈಕಿಗೆ ಉಳಿದದ್ದು ಸರ್ವಿಸ್ ರಸ್ತೆ ತಾನೇ?

ಇನ್ನು ವೃಷಭಾವತಿ. ರಾಜಧಾನಿಯ ಕೊಳಚೆ ಹೊತ್ತು ಬೈರಮಂಗಲ ಕೆರೆಗೆ ಬರುತ್ತಾಳೆ. ಅದೇ ಬೈರಮಂಗಲದ ಸುತ್ತ ಸಾವಿರಾರು ಎಕರೆ ಜಮೀನು ಟೌನ್‌ಶಿಪ್‌ಗೆ ಬೇಕು ಎಂದಾಗ 2025ರಲ್ಲಿ ರೈತರು ಬೀದಿಗಿಳಿದರು. ಪೇಟೆ ತನ್ನ ಕೊಳಚೆಯನ್ನೂ ಇಲ್ಲಿಗೆ ಕಳಿಸಿತು, ಜಮೀನನ್ನೂ ಇಲ್ಲೇ ಕೇಳಿತು.

ಮುಂದಿನ ಮರುವಿಂಗಡಣೆಯ ಗೆರೆ ಎಳೆಯುವಾಗ ಪೇಟೆಯ ಅಂಚಿಗೆ ಒಂದು ಕ್ಷೇತ್ರ, ಹಳ್ಳಿ ತಾಲೂಕುಗಳಿಗೆ ಇನ್ನೊಂದು ಎಂದು ಬಿಡಿಸುವುದೇ ಸರಿಯಾದ ದಾರಿ. ಅದಕ್ಕೆ ಜನ ಈಗಲೇ ದನಿ ಎತ್ತಬೇಕು, ಗೆರೆ ಬಿದ್ದ ಮೇಲೆ ಕೂಗಿ ಫಲವಿಲ್ಲ. ಅಲ್ಲಿಯವರೆಗೂ ಎಂಪಿ ಯಾವ ಪಾರ್ಟಿಯವರೇ ಇರಲಿ, ಕೇಳಬೇಕಾದ್ದು ಕೇಳಿಯೇ ತೀರಬೇಕು. ಹೆದ್ದಾರಿ, ಟೋಲು, ರೈಲು ದೆಹಲಿಯ ಬಾಬತ್ತು. ಕೆಟ್ಟ ಸರ್ವಿಸ್ ರಸ್ತೆಗೆ ಮತ್ತು ಪ್ಯಾಸೆಂಜರ್ ರೈಲಿನ ನೂಕುನುಗ್ಗಲಿಗೆ ಎಂಪಿಯೇ ಜವಾಬು ಹೇಳಬೇಕು. ಲೀಡು ಕೊಟ್ಟವರಿಗೆ ಮಾತ್ರವಲ್ಲ, ಕೊಡದವರಿಗೂ.