ಹಣ್ಣಿನ ರುಚಿಯ ನಿಕೋಟಿನ್ ಚಟ ಬಿಡಿಸುವ ದಾರಿಯಲ್ಲ

‘ರೀಚಾರ್ಜ್ ಮಾಡಬಹುದಾದ ಪಾಡ್ ವೇಪ್ ಕೊಳ್ಳಿ, ಸಿಹಿ ರುಚಿಯ ದ್ರವ ಆರಿಸಿ, ಸಿಗರೇಟು ತಾನಾಗಿ ಬಿಟ್ಟುಹೋಗುತ್ತದೆ’ ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ಒಪ್ಪಲಾಗದು. ವೇಪ್‌ನಲ್ಲಿ, ಅಂದರೆ ಇ–ಸಿಗರೇಟಿನಲ್ಲಿ, ತಂಬಾಕು ಸುಡುವುದಿಲ್ಲ, ಟಾರ್ ಇಲ್ಲ ಎಂಬುದು ನಿಜ. ಬ್ರಿಟನ್ನಿನಲ್ಲಿ ಧೂಮಪಾನ ಬಿಡಲು ಇದನ್ನು ಸೂಚಿಸುವುದೂ ನಿಜ. ಆದರೆ ಅಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, 18 ತುಂಬದವರಿಗೆ ಮಾರುವಂತಿಲ್ಲ. ಲೇಖನದಲ್ಲಿ ಈ ಮಾತೇ ಇಲ್ಲ.

ಪಾಡ್‌ಗಳಲ್ಲಿ ಬಳಸುವ ನಿಕೋಟಿನ್ ಲವಣ ಗಂಟಲಿನ ಉರಿ ತಗ್ಗಿಸುತ್ತದೆ. ಮಾವಿನ ರುಚಿ ಕಹಿ ಮರೆಸುತ್ತದೆ. ಹೊಸಬರನ್ನು ತಡೆಯುತ್ತಿದ್ದ ಎರಡೂ ಅಡ್ಡಿಗಳು ಹೀಗೆ ಕಳಚಿಬೀಳುತ್ತವೆ. 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಜೂಲ್ ಎಂಬ ಪಾಡ್ ವೇಪ್ ಬಂತು. 2018ರಲ್ಲಿ ಅಲ್ಲಿನ ಸರ್ಜನ್ ಜನರಲ್ ಹದಿಹರೆಯದವರ ವೇಪಿಂಗನ್ನು ಪಿಡುಗೆಂದೇ ಘೋಷಿಸಬೇಕಾಯಿತು. 2020ರಲ್ಲಿ ಹಣ್ಣಿನ ರುಚಿಯ ಪಾಡ್‌ಗಳಿಗೆ ಕಡಿವಾಣ ಬಿತ್ತು.

ಭಾರತದ 2019ರ ಕಾಯ್ದೆ ಇ–ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಸಿಗುವುದೆಲ್ಲ ಕಳ್ಳಮಾಲು. ಒಳಗೇನಿದೆ ಎಂದು ಪರೀಕ್ಷಿಸುವವರಿಲ್ಲ.

ಸಿಗರೇಟು ಬಿಡಬಯಸುವವರೇ, ವೈದ್ಯರನ್ನು ಕಾಣಿ. ರಾಷ್ಟ್ರೀಯ ತಂಬಾಕು ವ್ಯಸನಮುಕ್ತಿ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ.