ತೊಂಬತ್ತು ದಿನದ ಸಂಸಾರ

ಕಳೆದ ಮೂರು ಸಂಚಿಕೆಗಳಲ್ಲಿ ಈ ಪುಟವು ಬರಿದಾಗಿದ್ದುದನ್ನು ಕಂಡು ಕೆಲವರು ವಾಚಕರು ನಮ್ಮ ಆರೋಗ್ಯವನ್ನು ವಿಚಾರಿಸಿ ಕಾಗದ ಬರೆದಿರುವರು. ಅವರ ವಿಶ್ವಾಸಕ್ಕೆ ನಾವು ಋಣಿಗಳು. ನಮಗೆ ಯಾವ ಬೇನೆಯೂ ಬಂದಿರಲಿಲ್ಲ. ಕುಕನೂರಿನ ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ನೆರೆಯವರ ವಶಕ್ಕೆ ಕೊಟ್ಟು, ಮಹಾಮಾಯೆಯ ಗುಡಿಯಲ್ಲಿ ಕಾಯಿ ಒಡೆಸಿಕೊಂಡು, ನಾವೂ ನಮ್ಮ ಗೃಹಿಣಿಯೂ ಜಪಾನ ದೇಶದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಇದ್ದದ್ದು ತೊಂಬತ್ತು ದಿನ. ಒಂದು ದಿನ ಹೆಚ್ಚು ಇರಲು ಆ ಸರಕಾರದ ಅಪ್ಪಣೆಯಿಲ್ಲ.

ಮಗನು ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವ ಉದ್ಯೋಗದವನು. 2018ರಲ್ಲಿ ಹೋದವನು ಅಲ್ಲಿಯೇ ನಿಂತಿರುವನು. ಟೋಕಿಯೋ ಪಟ್ಟಣದ ಪೂರ್ವದಂಚಿನಲ್ಲಿ ನಿಶಿಕಸಾಯಿ ಎಂಬ ಕೇರಿಯಿದೆ. ನಮ್ಮ ದೇಶದ ಗಣಕ ನೌಕರರು ಬಹಳ ಮಂದಿ ಅಲ್ಲಿ ನೆಲೆಸಿದ್ದಾರೆ. ತೊಗರಿಬೇಳೆ, ಇಂಗು, ಹುಣಿಸೆಹಣ್ಣು ಇವೆಲ್ಲ ಆ ಕೇರಿಯ ಅಂಗಡಿಗಳಲ್ಲಿ ದೊರೆಯುವುವು. ಆದರೆ ಮಗನ ಮನೆಯು ಅದರಾಚೆಗೆ, ಹೊಳೆ ದಾಟಿ, ಚಿಬಾ ಪ್ರಾಂತದ ಗ್ಯೋತೊಕು ಎಂಬ ಹೊರವಲಯದಲ್ಲಿದೆ. ಬಾಡಿಗೆ ತುಸು ಕಡಿಮೆ ಎಂಬುದೇ ಕಾರಣ. ಅಲ್ಲಿಂದ ಪಟ್ಟಣಕ್ಕೆ ಹೋಗುವ ತೋಜಾಯಿ ರೈಲು ಗರ್ದಿಗೆ ಹೆಸರಾದದ್ದು. 2019ರ ಲೆಕ್ಕದಂತೆ ಮುಂಜಾನೆಯ ಹೊತ್ತು ನೂರು ಜನರ ಸ್ಥಳದಲ್ಲಿ 199 ಜನರು ನಿಲ್ಲುತ್ತಿದ್ದರು. ನಾವೊಮ್ಮೆ ಹವ್ಯಾಸಕ್ಕೆ ಆ ಹೊತ್ತಿನಲ್ಲಿ ಹತ್ತಿ, ಗುದ್ನೆಪ್ಪನ ಮಠದ ಜಾತ್ರೆಯನ್ನು ನೆನೆದುಕೊಂಡೆವು. ಭೇದವಿಷ್ಟೆ: ಅಲ್ಲಿ ಯಾರೂ ಮಾತನಾಡುವುದಿಲ್ಲ.

ಅವನ ಕೆಲಸವೇನೆಂದು ಕೇಳಿದಾಗಲೆಲ್ಲ ನಗುತ್ತ ತಪ್ಪಿಸಿಕೊಳ್ಳುತ್ತಿದ್ದವನು ಒಂದು ಸಂಜೆ ತಾನಾಗಿ ತಿಳಿಯಹೇಳಿದನು. ಆ ದೇಶದವರು ಕ್ರಿಸ್ತಶಕದೊಡನೆ ತಮ್ಮ ಚಕ್ರವರ್ತಿಯ ಆಳಿಕೆಯ ಶಕೆಯನ್ನೂ ಎಣಿಸುವರು. 2019ನೆಯ ಮೇ 1ರಂದು ಹೊಸ ಚಕ್ರವರ್ತಿಗಳು ಪಟ್ಟವೇರಲು, ಹೇಸೇಯಿ ಹೋಗಿ ರೇವಾ ಬಂದಿತು. ಲೆಕ್ಕಪತ್ರಗಳಲ್ಲಿ, ವಿಮೆಯ ಕಾಗದಗಳಲ್ಲಿ, ಯಂತ್ರದ ಹೊಟ್ಟೆಯಲ್ಲಿ ಎಲ್ಲೆಲ್ಲಿ ಹಳೆಯ ಶಕೆಯಿತ್ತೋ ಅಲ್ಲೆಲ್ಲ ಹೊಸದನ್ನು ಹೊಂದಿಸಬೇಕಾಯಿತು. ಅವನ ಮೊದಲ ವರ್ಷವೆಲ್ಲ ಇದರಲ್ಲಿಯೇ ಸವೆಯಿತಂತೆ. ಸಂವತ್ಸರ, ಶಾಲಿವಾಹನ ಶಕೆ, ಇಸವಿ ಮೂರನ್ನೂ ಒಂದೇ ಪಂಚಾಂಗದಲ್ಲಿ ನೋಡುತ್ತ ಬೆಳೆದ ನಮಗೆ ಈ ಉದ್ಯೋಗವು ಅಪರಿಚಿತವೆನಿಸಲಿಲ್ಲ.

ಭಾಷೆಯ ಸಂಗತಿಯೂ ಹಾಗೆಯೇ. ನಮ್ಮ ತಂದೆಯವರ ಕಾಲಕ್ಕೆ ಯಲಬುರ್ಗಿ ಸೀಮೆಯು ಸಾಲಾರಜಂಗರ ಜಹಗೀರಿಗೆ ಸೇರಿ ನಿಜಾಮರ ರಾಜ್ಯದಲ್ಲಿದ್ದಿತು. ನೌಕರಿ ಬೇಕಾದವನು ಉರ್ದು ಕಲಿಯದೆ ಗತಿಯಿರಲಿಲ್ಲ. 1948ರ ಸೆಪ್ಟೆಂಬರದಲ್ಲಿ ಆ ಆಳಿಕೆ ಮುಗಿದರೂ ತಂದೆಯವರು ಮನೆಯ ಜಮಾಖರ್ಚನ್ನು ಕಡೆತನಕ ಉರ್ದುವಿನಲ್ಲಿಯೇ ಬರೆದಿಡುತ್ತಿದ್ದರು. ಈಗ ಮೊಮ್ಮಗನ ಸರದಿ. ಜಪಾನೀ ಮಾತಿನ ಜೋಡಣೆ ಮಾತ್ರ ನಮ್ಮವರಿಗೆ ಸುಲಭ. ‘ವತಾಶಿ ವಾ ಮಿಜು ಓ ನೊಮಿಮಾಸು’ ಎಂದರೆ ‘ನಾನು ನೀರನ್ನು ಕುಡಿಯುತ್ತೇನೆ’. ಶಬ್ದಗಳು ಇದೇ ಸರಣಿಯಲ್ಲಿ ನಿಂತಿವೆ, ‘ಓ’ ಎಂಬುದು ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ, ಕ್ರಿಯಾಪದವು ಕಡೆಗೆ ಬರುತ್ತದೆ. ಅವರ ಅಕ್ಷರಮಾಲೆಯ ಅ, ಕ, ಸ, ತ, ನ ಎಂಬ ಕ್ರಮವೂ ಬೌದ್ಧ ವಿದ್ವಾಂಸರ ಮೂಲಕ ಸಂಸ್ಕೃತದಿಂದ ಹೋದದ್ದು. ತೊಡಕಿರುವುದು ಚೀನಾ ಮೂಲದ ಚಿತ್ರಾಕ್ಷರಗಳಲ್ಲಿ. ನಿತ್ಯದ ಬಳಕೆಗೆಂದು ಸರಕಾರವು ಗೊತ್ತುಮಾಡಿದವೇ 2136. ಮಗನು ಊಟವಾದ ಮೇಲೆ ಅವುಗಳನ್ನು ಬರೆಬರೆದು ನಿದ್ದೆ ಹೋಗುತ್ತಿದ್ದನು.

ಇನ್ನು ರೊಟ್ಟಿಯ ಪ್ರಕರಣ. ನಮ್ಮ ಗೃಹಿಣಿಯವರು ಹೋದ ಮೂರನೆಯ ದಿನವೇ ಜೋಳದ ಹಿಟ್ಟನ್ನು ಸಂಪಾದಿಸಿ, ಬೆಳಗಿನ ಐದು ಗಂಟೆಗೆ ಹಲಗೆಯ ಮೇಲೆ ರೊಟ್ಟಿ ಬಡಿಯಲಾರಂಭಿಸಿದರು. ಮಗನು ಆರೂವರೆಗೆ ಮನೆ ಬಿಡುವವನು. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಬೇಕೆಂಬ ಹಂಬಲ. ಅಲ್ಲಿಯ ಅಂಗಡಿಯ ಸಾರಿನಲ್ಲಿ ತರಕಾರಿಯೊಂದೇ ಕಂಡರೂ ಬುಡದಲ್ಲಿ ಮೀನಿನ ಕಷಾಯವಿರುವುದರಿಂದ ಹುಡುಗನು ಏಳು ವರ್ಷ ಮಧ್ಯಾಹ್ನ ಏನು ಉಂಡನೋ ಎಂಬ ಮರುಕವೂ ಅದರೊಳಗೆ ಸೇರಿತ್ತು. ಹದಿನೈದು ದಿನ ಸುಖವಾಗಿ ನಡೆಯಿತು. ಹದಿನಾರನೆಯ ದಿನ ಅಂಚೆಯ ಡಬ್ಬಿಯಲ್ಲಿ ಮನೆಯ ಆಡಳಿತ ನೋಡುವವರ ಚೀಟಿ ಬಂದಿತು. ಬಹು ವಿನಯದ ಭಾಷೆ. ಮುಂಜಾನೆಯ ಹೊತ್ತು ಬಡಿತದ ಸದ್ದು ಕೇಳುವುದೆಂದೂ, ಎಲ್ಲ ಬಿಡಾರದವರೂ ಪರಸ್ಪರ ಗಮನವಿಡಬೇಕೆಂದೂ ಅದರಲ್ಲಿತ್ತು. ಯಾರ ಹೆಸರೂ ಇರಲಿಲ್ಲ.

ಮಗನ ಮುಖ ಬಾಡಿತು. ಪರದೇಶದವರಿಗೆ ಅಲ್ಲಿ ಮನೆ ದೊರೆಯುವುದೇ ಪ್ರಯಾಸ. ಅಲ್ಲಿಯ ನ್ಯಾಯ ಖಾತೆಯವರು 2017ರಲ್ಲಿ ಪ್ರಕಟಿಸಿದ ವಿಚಾರಣೆಯಲ್ಲಿ, ಮನೆ ಹುಡುಕಿದ ಪರದೇಶೀಯರಲ್ಲಿ ನೂರಕ್ಕೆ 39ರಷ್ಟು ಮಂದಿ ತಾವು ಪರದೇಶೀಯರೆಂಬ ಕಾರಣದಿಂದ ನಿರಾಕರಣೆ ಹೊಂದಿದ್ದಾಗಿ ಹೇಳಿದ್ದರು. ನಮ್ಮವನೂ ಎರಡು ಕಡೆ ಬೇಡವೆನ್ನಿಸಿಕೊಂಡು, ಮುಂಗಡ ಹಣವನ್ನೂ ಮನೆಯೊಡೆಯನಿಗೆ ಮರಳಿ ಬಾರದ ‘ಕೃತಜ್ಞತೆಯ ಹಣ’ವನ್ನೂ ಸುರಿದು ಈ ಬಿಡಾರವನ್ನು ಹಿಡಿದಿದ್ದನು. “ಅವ್ವಾ, ಇನ್ನ ರೊಟ್ಟಿ ಬ್ಯಾಡ” ಎಂದನು. ಧ್ವನಿ ತುಸು ಬಿರುಸಾಯಿತು. ಅವರು ಮರುಮಾತಾಡದೆ ಹಿಟ್ಟಿನ ಚೀಲದ ಬಾಯಿ ಕಟ್ಟಿ ಮೂಲೆಗಿಟ್ಟರು. ಎರಡು ದಿನ ಅನ್ನವನ್ನೇ ಉಂಡೆವು. ಉಣ್ಣಲು ಏನೂ ಕೊರತೆಯಿರಲಿಲ್ಲ. ಆದರೆ ನಲವತ್ತು ವರ್ಷದ ಸಂಸಾರದಲ್ಲಿ ಅವರು ಅಷ್ಟು ಸುಮ್ಮನಿದ್ದುದನ್ನು ನಾವು ಕಂಡಿರಲಿಲ್ಲ.

ಉಪಾಯ ಹುಡುಕಿದವಳು ಸೊಸೆ. ಮೂರನೆಯ ದಿನ ಸಂಜೆ ಅತ್ತೆಯಿಂದ ನಾಲ್ಕು ರೊಟ್ಟಿ ಮಾಡಿಸಿ, ತಟ್ಟೆಯಲ್ಲಿಟ್ಟುಕೊಂಡು, ಅತ್ತೆಯನ್ನೇ ಕರೆದುಕೊಂಡು ಕೆಳಗಿನ ಬಿಡಾರದ ಬಾಗಿಲು ಬಡಿದಳು. ಎಂಬತ್ತು ದಾಟಿದ ಒಬ್ಬಂಟಿ ಮುದುಕಿ ಬಾಗಿಲು ತೆರೆದಳು. ಸೊಸೆ ಬಾಗಿ ಕ್ಷಮೆ ಬೇಡಿದರೆ ಆಕೆ ಅದಕ್ಕಿಂತ ಹೆಚ್ಚು ಬಾಗಿ ತಾನೇ ಕ್ಷಮೆ ಬೇಡಿದಳಂತೆ. ನಾಲ್ಕು ಗಂಟೆಗೇ ಎಚ್ಚರಾಗುವ ತನಗೆ ಸದ್ದಿನ ಕಾಟವೇನಿಲ್ಲ. ಆದರೆ ಅದು ಯಾತರ ಸದ್ದೆಂದು ತಿಳಿಯದೆ ಭಯವಾಗಿ ವಿಚಾರಿಸಿದೆ ಎಂದಳಂತೆ. ಭೂಕಂಪದ ನಾಡಿನಲ್ಲಿ ಒಂಟಿಯಾಗಿರುವವರಿಗೆ ಗುರುತಿಲ್ಲದ ಸದ್ದು ಹೇಗಿರಬೇಕು! ನಮ್ಮವರು ಅಲ್ಲಿಯೇ ಎರಡು ಅಂಗೈಗಳನ್ನು ಬಡಿದು ರೊಟ್ಟಿಯಾಗುವ ಬಗೆಯನ್ನು ತೋರಿಸಿದರು. ಮರುದಿನ ತಟ್ಟೆ ಹಿಂದಿರುಗಿದಾಗ ಅದರ ಮೇಲೆ ಎರಡು ಕಿತ್ತಳೆಹಣ್ಣುಗಳಿದ್ದವು. ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬುದು ಅಲ್ಲಿಯೂ ಉಂಟು.

ಅಂದಿನಿಂದ ಭಾನುವಾರ ಹಗಲು ಹನ್ನೊಂದು ಗಂಟೆಗೆ ವಾರದ ರೊಟ್ಟಿಯೆಲ್ಲ ಬಡಿದು, ಒಣಗಿಸಿ, ಕಡಕ್ ರೊಟ್ಟಿ ಮಾಡಿಡುವ ಪದ್ಧತಿಯಾಯಿತು. ಬಿಸಿ ರೊಟ್ಟಿಯ ಆಸೆಯನ್ನು ಅವರು ಬಿಟ್ಟರು.

ಇಷ್ಟರೊಳಗೆ ನಾಲ್ಕು ವರ್ಷದ ಮೊಮ್ಮಗನು ಆಯಿಗೆ ಹೊಂದಿಕೊಂಡಿದ್ದನು. ಶಿಶುವಿಹಾರದಲ್ಲಿ ದಿನವೆಲ್ಲ ಜಪಾನಿಯನ್ನಾಡುವ ಅವನಿಗೆ ಕನ್ನಡವು ತಿಳಿಯುವುದು, ನಾಲಗೆಗೆ ಬಾರದು. ಮೊದಲ ತಿಂಗಳು ಆಯಿಯ ಪ್ರಶ್ನೆಗೆ ಅವನ ಉತ್ತರವನ್ನು ಸೊಸೆ ತಿರುಗಿಸಿ ಹೇಳಬೇಕಾಗುತ್ತಿತ್ತು. ಮೂರನೆಯ ತಿಂಗಳಿಗೆ “ಆಯಿ, ಇಲ್ಲಿ ಬಾ” ಎನ್ನುವವರೆಗೆ ಬಂದಿತು. ಅಷ್ಟಕ್ಕೆ ನಮ್ಮ ಅವಧಿ ಮುಗಿಯುತ್ತ ಬಂದಿತು.

ತಂದೆತಾಯಿಗಳನ್ನು ಬಹುಕಾಲ ಇರಿಸಿಕೊಳ್ಳಲು ಒಂದೇ ದಾರಿಯುಂಟೆಂದು ಮಗನು ಹೇಳಿದನು. 2012ರಲ್ಲಿ ಆ ಸರಕಾರವು ಉನ್ನತ ಕುಶಲತೆಯವರಿಗೆಂದು ಬೇರೊಂದು ಏರ್ಪಾಡು ಮಾಡಿತು. ವಿದ್ಯೆ, ವಯಸ್ಸು, ಪಗಾರ, ಭಾಷೆ ಇವಕ್ಕೆಲ್ಲ ಅಂಕಗಳು. 70 ಅಂಕ ಬಂದವನಿಗೆ ಆ ಅಂತಸ್ತು. ಮನೆಯ ವಾರ್ಷಿಕ ವರಮಾನ 80 ಲಕ್ಷ ಯೆನ್ನಿಗೆ ಕಡಿಮೆಯಾಗಬಾರದು, ಮನೆಯಲ್ಲಿ ಏಳು ವರ್ಷದೊಳಗಿನ ಮಗುವಿರಬೇಕು ಅಥವಾ ಗರ್ಭಿಣಿಯಿರಬೇಕು. ಅಂಥವರ ಆರೈಕೆಗೆಂದು ಗಂಡನ ಕಡೆಯವರೋ ಹೆಂಡತಿಯ ಕಡೆಯವರೋ ಒಂದೇ ಕಡೆಯ ತಂದೆತಾಯಿಗಳು ಬರಬಹುದು. ಇಬ್ಬರ ದುಡಿಮೆಯೂ ಸೇರಿ ವರಮಾನವಿದೆ. ಅವನಿಗೆ ಅಂಕ ಹತ್ತು ಕಡಿಮೆ. ಡಿಸೆಂಬರದಲ್ಲಿ ನಡೆಯುವ ಭಾಷಾ ಪರೀಕ್ಷೆಯ ಎರಡನೆಯ ಶ್ರೇಣಿಯಲ್ಲಿ ತೇರ್ಗಡೆಯಾದರೆ ಹತ್ತು ಅಂಕ ದೊರೆಯುವುವು. ರಾತ್ರಿಯ ಅಕ್ಷರಾಭ್ಯಾಸದ ಅರ್ಥ ನಮಗೆ ಆಗ ಹೊಳೆಯಿತು.

ಮುದುಕರು ಮಗುವನ್ನು ಆಡಿಸಲು ಬರಬಹುದು. ಮುದುಕರನ್ನು ಮಗನು ನೋಡಿಕೊಳ್ಳುವುದಕ್ಕೆಂದು ಬರುವಂತಿಲ್ಲ. ಮಗುವಿಗೆ ಏಳು ತುಂಬಿದೊಡನೆ ಮರಳಬೇಕು. ಇದು ನಮಗೆ ಅಷ್ಟಾಗಿ ಸರಿದೋರಲಿಲ್ಲ; ಆದರೆ ಅವರ ಮನೆ, ಅವರ ಕಟ್ಟಳೆ. ಸೊಸೆಯ ತಾಯಿಯೂ ಹುಬ್ಬಳ್ಳಿಯಲ್ಲಿ ಒಬ್ಬರೇ ಇರುವರು. ಆ ಮಾತನ್ನು ಯಾರೂ ಎತ್ತಲಿಲ್ಲ. ಹೊರಡುವ ಮುನ್ನಾದಿನ ನಮ್ಮ ಗೃಹಿಣಿಯವರೇ ಎತ್ತಿ, “ಅಂಕ ಬಂದರ ಮೊದಲ ನಿಮ್ಮವ್ವನ್ನ ಕರಸವಾ” ಎಂದು ಸೊಸೆಗೆ ಹೇಳಿದರು. ಮಗನು ಏನೋ ಹೇಳಹೋಗಿ ಸುಮ್ಮನಾದನು.

ನಮ್ಮಲ್ಲಿ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ಜಪಾನೀಯರೂ ಮನೆಯಿಂದ ಹೊರಡುವಾಗ ‘ಇತ್ತೆ ಕಿಮಾಸು’ ಎನ್ನುವರು. ಅದರ ಅರ್ಥ ಅಕ್ಷರಶಃ ಅದೇ. ವಿಮಾನ ನಿಲ್ದಾಣದಲ್ಲಿ ಆಯಿಯು ಆ ಮಾತನ್ನು ಕಲಿತುಕೊಂಡು ಹೇಳಲು, ಮೊಮ್ಮಗನು “ಹೋಗಿ ಬಾ” ಎಂದು ಕನ್ನಡದಲ್ಲಿ ಉತ್ತರಕೊಟ್ಟನು.

ಕುಕನೂರಿಗೆ ಬಂದು ಈಗ ಹನ್ನೆರಡು ದಿನಗಳಾದವು. ಬರುವಾಗ ಅವರು ತಗಡಿನ ಡಬ್ಬಿಯಲ್ಲಿ ನೂರಿಪ್ಪತ್ತು ಕಡಕ್ ರೊಟ್ಟಿಗಳನ್ನು ಎಣಿಸಿಟ್ಟು ಬಂದಿದ್ದರು. ಅಲ್ಲಿ ಗಡಿಯಾರವು ನಮಗಿಂತ ಮೂರೂವರೆ ತಾಸು ಮುಂದೆ. ಆದುದರಿಂದ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮಗನ ಫೋನು ಬರುತ್ತದೆ. ನಿನ್ನೆ ಎಷ್ಟು ಉಳಿದಿವೆಯೆಂದು ಅವರು ಕೇಳಿದರು. ಎಪ್ಪತ್ತೊಂದು ಎಂದನು. ಕೆಳಗಿನ ಮನೆಯ ಅಜ್ಜಿಗೆ ಆರು ಕೊಟ್ಟದ್ದನ್ನೂ ಲೆಕ್ಕ ಹಿಡಿದಿದ್ದನು.